ಬೇಲಿಯಾಚೆಯ ಅಜ್ಜಿಯ ಹೆಸರು

ಈಸ್ಟ್ ಹ್ಯಾಮ್, ಭಾನುವಾರ

ಪ್ರಿಯ ಅಪೂರ್ವಾ,

ನಿನ್ನ ವಾಟ್ಸ್ಆ್ಯಪ್ ಸಂದೇಶ ಓದಿ ಮೈಯೆಲ್ಲ ಉರಿಯಿತು. "ಅಕ್ಕ, ಬುಕ್ ಎರಡನೇ ಪ್ರಿಂಟ್‌ಗೆ ಹೋಗ್ತಿದೆ! ಪಬ್ಲಿಷರ್‌ಗೆ ರಿಯಲ್ ನೂಡಲ್ ಗ್ರಾನಿ ಫೋಟೋ ಬೇಕಂತೆ. ನೀವು ಹೇಳಿದ್ರೆ ಅವ್ರು ಇಲ್ಲ ಅನ್ನಲ್ಲ. ಕೆಂಪು ಡ್ರೆಸ್ ಹಾಕ್ಸಿ, ಪ್ಲೀಸ್." ಅದರ ಕೆಳಗೆ ಸಾಲಾಗಿ ಡ್ರ್ಯಾಗನ್ ಚಿತ್ರಗಳು. ಹೆಬ್ಬೆರಳಲ್ಲಿ ಬೈಯುವ ಕಲೆ ನನಗೆ ಬರುವುದಿಲ್ಲ, ಅದಕ್ಕೇ ಕಾಗದ ತೆಗೆದುಕೊಂಡಿದ್ದೇನೆ. ಕೋಪ ಬಂದರೂ ಪೂರ್ತಿ ಓದು.

ಮೈಸೂರಿಂದ ವರ್ಕ್ ವೀಸಾದಲ್ಲಿ ಇಲ್ಲಿಗೆ ಬಂದ ಹೊಸದರಲ್ಲಿ ನೀನು ನಮ್ಮ ಮನೆಯ ಮೇಲಿನ ಕೋಣೆಯಲ್ಲಿದ್ದೆ. ನಿನಗೆ ಜ್ವರ ಬಂದು ಮಲಗಿದಾಗ ಪಕ್ಕದ ಮನೆಯ ಚೀನೀ ಅಜ್ಜಿ ಹಿತ್ತಲ ಬೇಲಿಯ ಮುರಿದ ಹಲಗೆಯ ಸಂದಿಯಿಂದ ಶುಂಠಿ ಹಾಕಿದ ಗಂಜಿ ದಾಟಿಸಿದ್ದು ನೆನಪಿದೆಯಾ? ನಿನಗೆ ಅವರ ಭಾಷೆ ಬಾರದು, ಅವರಿಗೆ ಇಂಗ್ಲಿಷ್ ಬಾರದು. ಮೊಮ್ಮಗಳು ಮಿನ್ ಕರೆಯುವ ಹಾಗೆ ನಾವೂ ಅವರನ್ನು ನೈನೈ ಎಂದೇ ಕರೆದೆವು. ಅಪ್ಪನ ಅಮ್ಮನಿಗೆ ಅವರಲ್ಲಿ ಹಾಗೆನ್ನುತ್ತಾರೆ ಎಂದು ಮಿನ್ ನಮಗೆ ಟೀಚರಮ್ಮನ ಹಾಗೆ ಪಾಠ ಹೇಳಿದ್ದಳು.

ನಾನು ಶಾಲೆಯಲ್ಲಿ ಮಕ್ಕಳಿಗೆ ಓದಿಸುವ ಕೆಲಸ ಮಾಡುವವಳು. ‘ನಮ್ಮ ನೆರೆಹೊರೆ’ ಎಂಬ ಕಪಾಟಿಗೆ ಪುಸ್ತಕ ಜೋಡಿಸುವುದೂ ನಾನೇ. ಚೀನೀ ಮನೆಗಳ ಪುಸ್ತಕ ಯಾವುದು ತೆರೆದರೂ ಕೆಂಪು ದೀಪ, ಡ್ರ್ಯಾಗನ್ ಕುಣಿತ, ನಗುವ ಅಜ್ಜಿ. ಆ ಮನೆಗಳಲ್ಲಿ ಯಾರಿಗೂ ನೆಗಡಿ ಆಗುವುದಿಲ್ಲ, ಯಾರೂ ಬಾತ್‌ರೂಮಿಗಾಗಿ ಜಗಳವಾಡುವುದಿಲ್ಲ. ವರ್ಷವಿಡೀ ಹಬ್ಬವೇ. "ಅಕ್ಕ, ನಾನು ನಿಜವಾದ ಮನೆ ಬಗ್ಗೆ ಬರೀತೀನಿ" ಎಂದು ನೀನು ಹೇಳಿದಾಗ ನಾನು ಕುಣಿಯುವುದೊಂದೇ ಬಾಕಿ. ಸಿಕ್ಕವರಿಗೆಲ್ಲ ನಮ್ಮ ಹುಡುಗಿ ಪುಸ್ತಕ ಬರೆಯುತ್ತಿದ್ದಾಳೆ ಎಂದು ಡಂಗುರ ಸಾರಿದೆ.

ಪುಸ್ತಕ ಬಂತು. ಗೀಟೆಳೆದ ಕಣ್ಣು, ತುರುಬಿಗೆ ಸಿಕ್ಕಿಸಿದ ಚಾಪ್‌ಸ್ಟಿಕ್, ಪುಟ ಪುಟಕ್ಕೂ ಗಾಳಿಯಲ್ಲಿ ನೂಡಲ್ಸ್ ಎಸೆಯುವ ಮುದುಕಿ. ನೈನೈ ನೂಡಲ್ಸ್ ಮಾಡುವುದು ಮನೆಯವರ ಹುಟ್ಟುಹಬ್ಬಕ್ಕೆ, ಆಯುಸ್ಸು ಹೆಚ್ಚಲೆಂದು. ಉಳಿದ ದಿನ ಅವರದು ಹಬೆಯಲ್ಲಿ ಬೇಯಿಸಿದ ಬನ್ನು, ಗಂಜಿ, ಸೊಪ್ಪು. ಮಗನ ಹಳೇ ಫುಟ್‌ಬಾಲ್ ಜಾಕೆಟ್ ತೊಟ್ಟು, ಮಿನ್‌ಳ ಯೂನಿಫಾರಂ ಪಕ್ಕದಲ್ಲೇ ಸಾಸಿವೆ ಸೊಪ್ಪನ್ನು ಹಗ್ಗಕ್ಕೆ ಒಣಹಾಕಿ, ಕೌನ್ಸಿಲ್‌ನ ಕಸದ ಗಾಡಿಯವನ ಜೊತೆ ತಮ್ಮದೇ ಭಾಷೆಯಲ್ಲಿ ಜಗಳಾಡಿ ಗೆದ್ದು ಬರುವ ಹೆಂಗಸು ನಿನ್ನ ಪುಸ್ತಕದಲ್ಲಿ ಎಲ್ಲೂ ಇಲ್ಲ. ಆದರೂ ನುಂಗಿಕೊಂಡೆ. ನಮ್ಮ ಯಜಮಾನರು ಮಧುಸೂದನ್ "ಮಕ್ಕಳ ಪುಸ್ತಕ ತಾನೇ, ಬಿಡೆ" ಎಂದರು. ಬಿಡುತ್ತಿದ್ದೆ ಕೂಡ. ಆದರೆ ಆ ಮುದುಕಿಗೆ ನೀನಿಟ್ಟ ಹೆಸರು ನೈನೈ ಅವರ ಸ್ವಂತ ಹೆಸರು.

ಅದು ನಿನಗೆ ಎಲ್ಲಿ ಸಿಕ್ಕಿತೆಂದು ನನಗೆ ಗೊತ್ತು. ಮಿನ್‌ಳ ಅಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇದ್ದ ದಿನ ನಾವಿಬ್ಬರೂ ನೈನೈ ಅವರನ್ನು ಜಿಪಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆವು. ಮಿನ್ ಜೊತೆಗಿದ್ದಳು. ಗೋಡೆಯ ಬೋರ್ಡಿನಲ್ಲಿ ಹೆಸರು ಮೂಡಿದಾಗ ನೀನು ಗಟ್ಟಿಯಾಗಿ ಓದಿದೆ. ಮಿನ್ ಕುರ್ಚಿಯಿಂದ ಜಿಗಿದು ನಿನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಡೋಂಟ್, ಆಂಟಿ! ವಿ ಡೋಂಟ್ ಸೇ ಹರ್ ನೇಮ್." ಹಿರಿಯರ ಹೆಸರನ್ನು ಕಿರಿಯರು ಬಾಯಿಬಿಟ್ಟು ಹೇಳಬಾರದು, ತಾನೂ ಹೇಳಿಲ್ಲ, ತನ್ನ ಅಪ್ಪನೂ ಹೇಳುವುದಿಲ್ಲ ಎಂದು ಆ ಮಗು ಕಿವಿ ಕೆಂಪಗೆ ಮಾಡಿಕೊಂಡು ಪಿಸುಗುಟ್ಟಿತು. ನೀನು ಸಾರಿ ಕೇಳಿದೆ. ಅದೇ ಸಂಜೆ ನಮ್ಮ ಅಡುಗೆಮನೆಯಲ್ಲಿ ಕೂತು, ನಿಮ್ಮಜ್ಜಿ ರೇಷನ್ ಕಾರ್ಡ್ ಆಫೀಸಿನಲ್ಲಿ ಗಂಡನ ಹೆಸರು ಹೇಳಲಾರದೆ ಗೋಡೆಯ ದೇವರ ಪಟ ತೋರಿಸಿದ ಕಥೆ ಹೇಳಿ ಕಣ್ಣು ಒರೆಸಿಕೊಂಡೆ. ಆಮೇಲೆ ಕೋಣೆಗೆ ಹೋಗಿ ಆ ಹೆಸರನ್ನು ಬರೆದಿಟ್ಟುಕೊಂಡೆಯಾ? ಗೊತ್ತಿಲ್ಲದೆ ಮಾಡಿದ್ದರೆ ಕಿವಿ ಹಿಂಡಿ ಸುಮ್ಮನಾಗುತ್ತಿದ್ದೆ. ಗೊತ್ತಿದ್ದೂ ಮಾಡಿದೆಯಲ್ಲ, ನನಗೆ ಹೇಸಿಗೆಯಾಗುತ್ತಿರುವುದು ಅದಕ್ಕೆ. ನಾನಂತೂ ಆ ಹೆಸರನ್ನು ಈ ಕಾಗದದಲ್ಲಿ ಬರೆಯುವುದಿಲ್ಲ.

ಮಾರ್ಚ್‌ನಲ್ಲಿ ಪುಸ್ತಕದ ದಿನಕ್ಕೆ ನೀನು ನಮ್ಮ ಶಾಲೆಗೆ, ಮಿನ್ ಓದುವ ಶಾಲೆಗೆ, ಬಂದೆ. ಕೆಂಪು ರೇಷ್ಮೆ ಕೋಟು, ಕಾಗದದ ಬೀಸಣಿಗೆ. ಮೈಸೂರಿನ ಹುಡುಗಿ, ಯಾರ ಮದುವೆಗೆ ಹೊರಟಿದ್ದೆಯೋ! ಹಾಲ್ ತುಂಬ ಮಕ್ಕಳು ನೆಲದ ಮೇಲೆ ಕೂತಿದ್ದರು. "ಕಾಲ್ ಹರ್, ಎವ್ರಿಬಡಿ! ಲೌಡರ್!" ಎಂದು ನೀನು ಕಿವಿಗೆ ಕೈ ಇಟ್ಟುಕೊಂಡೆ. ಮಕ್ಕಳು ಆ ಹೆಸರನ್ನು ಕೂಗಿ ಕೂಗಿ ಕೈ ಮೇಲೆತ್ತಿ ನೂಡಲ್ಸ್ ಎಸೆಯುವ ಹಾಗೆ ಮಾಡಿ ಬಿದ್ದು ಬಿದ್ದು ನಕ್ಕವು. ಮಿನ್ ಮಧ್ಯದಲ್ಲಿದ್ದಳು. ಸುತ್ತ ಎಲ್ಲರೂ ಕೂಗುತ್ತಿದ್ದರೆ ಅವಳು ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದಳು. ನೀನು ಅವಳನ್ನು ನೋಡಿದೆ, ಅಪೂರ್ವಾ. ಗುರುತು ಹಿಡಿದು ನಕ್ಕೆ. ಬೀಸಣಿಗೆಯನ್ನು ಅವಳ ಕಡೆಗೇ ತಿರುಗಿಸಿ ಇನ್ನೊಂದು ಸಲ ಕೂಗಿಸಿದೆ.

ನೀನು ಫೋಟೋ ತೆಗೆಸಿಕೊಂಡು ಟ್ಯೂಬ್ ರೈಲು ಹತ್ತಿ ಹೋದೆ. ಮರುದಿನ ಏನಾಯಿತೆಂದು ಹೇಳುತ್ತೇನೆ. ಶಾಲೆ ಬಿಡುವ ಹೊತ್ತಿಗೆ ನೈನೈ ಎಂದಿನಂತೆ ಗೇಟಿನಾಚೆ ನಿಂತಿದ್ದರು. ಕಂಬಿಗೆ ಜೋತುಬಿದ್ದಿದ್ದ ಮಕ್ಕಳಲ್ಲಿ ಯಾವುದೋ ಒಂದು ಆ ಹೆಸರು ಕೂಗಿತು, ಆಮೇಲೆ ಎಲ್ಲವೂ ಕೂಗಿದವು. ಅಷ್ಟು ಗದ್ದಲದಲ್ಲಿ ನೈನೈಗೆ ಅರ್ಥವಾದ ಮಾತು ಅದೊಂದೇ. ನಾನು ಗೇಟಿನ ಹತ್ತಿರವೇ ಇದ್ದೆ. ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಸಿಟ್ಟಲ್ಲ, ಮುಖವೆಲ್ಲ ಅರಳಿತು. ಸರ್ರನೆ ತಿರುಗಿ, ಬ್ಯಾಗು ಕೆಳಗಿಟ್ಟು, ನಿಂತಿದ್ದ ಅಪ್ಪ ಅಮ್ಮಂದಿರ ಮುಖಗಳನ್ನು ಒಂದೊಂದಾಗಿ ಹುಡುಕಿದರು. ಮಕ್ಕಳ ಕಡೆ ಅವರ ಗಮನವೇ ಇರಲಿಲ್ಲ. ರಸ್ತೆಯ ಆ ತುದಿಯವರೆಗೂ ಹೋಗಿ ನೋಡಿ ಬಂದರು.

ರಾತ್ರಿ ಊಟಕ್ಕೆ ಕೂತಾಗ ನೈನೈ ಸೊಸೆಯನ್ನು ಕೇಳಿದರಂತೆ, ನಮ್ಮೂರಿನವರು ಯಾರು ಬಂದಿದ್ದಾರೆ ಎಂದು. ಆ ಹೆಸರು ಹಿಡಿದು ಅವರನ್ನು ಕರೆಯುತ್ತಿದ್ದವರು ಅಪ್ಪ, ಅಮ್ಮ, ದೊಡ್ಡಕ್ಕ. ಮೂವರೂ ಮಣ್ಣಾಗಿ ಎಷ್ಟೋ ಕಾಲವಾಗಿದೆ. ಮಿನ್ ಅಳುತ್ತ ಶಾಲೆಯಲ್ಲಿ ನಡೆದದ್ದನ್ನು ಬಾಯಿಬಿಟ್ಟಳು. ಬೆಳಗ್ಗೆ ಅವಳಮ್ಮ ನಿನ್ನ ಪುಸ್ತಕವನ್ನು ಬೇಲಿಯ ಮೇಲಿಟ್ಟು "ಯುವರ್ ಫ್ರೆಂಡ್?" ಎಂದಷ್ಟೇ ಕೇಳಿದರು. ಅಂದಿನಿಂದ ನೈನೈ ಗೇಟಿಗೆ ಬರುವುದಿಲ್ಲ. ಮಿನ್‌ಳನ್ನು ನಾನೇ ಕರೆತರುತ್ತೇನೆ. ಅವಳು ನನ್ನ ಕೈ ಹಿಡಿಯುವುದಿಲ್ಲ, ಅದಕ್ಕೆ ನಾನು ಬೇಜಾರು ಮಾಡಿಕೊಳ್ಳುವುದೂ ಇಲ್ಲ.

ಈಗ ಎರಡನೇ ಮುದ್ರಣವಂತೆ. ಇನ್ನಷ್ಟು ಶಾಲೆ, ಇನ್ನಷ್ಟು ಗೇಟು. ಫೋಟೋ ಸಿಗುವುದಿಲ್ಲ. ಕೇಳಲು ನೀನೇನಾದರೂ ಆ ಮನೆಯ ಬಾಗಿಲು ತಟ್ಟಿದರೆ ಮೊದಲು ನನ್ನನ್ನು ದಾಟಿ ಹೋಗಬೇಕಾಗುತ್ತದೆ. ನಾಳೆ ಬೆಳಗ್ಗೆಯೇ ಪಬ್ಲಿಷರ್‌ಗೆ ಫೋನ್ ಮಾಡು, ಅಚ್ಚಿಗೆ ಹೋಗುವ ಮುಂಚೆ ಆ ಹೆಸರು ತೆಗೆಸು. ಡ್ರ್ಯಾಗನ್ ಇರಲಿ, ನೂಡಲ್ಸ್ ಹಾರಲಿ, ಆ ದರಿದ್ರವನ್ನೆಲ್ಲ ನೀನೇ ಇಟ್ಟುಕೋ. ಹೆಸರು ಮಾತ್ರ ನಿನ್ನದಲ್ಲ.

ಚಳಿ ಇನ್ನೂ ಹೋಗಿಲ್ಲ, ಆರೋಗ್ಯ ನೋಡಿಕೋ. ದೇವರು ನಿನಗೆ ಒಳ್ಳೆಯ ಬುದ್ಧಿ ಕೊಡಲಿ. ಇದನ್ನು ಬೈಗುಳವಾಗಿ ಹೇಳುತ್ತಿಲ್ಲ, ನಿಜವಾಗಿಯೂ ಕೇಳಿಕೊಳ್ಳುತ್ತಿದ್ದೇನೆ. ಆ ಪುಸ್ತಕ ಸರಿಯಾಗುವ ತನಕ ನನ್ನನ್ನು ಅಕ್ಕ ಎನ್ನಬೇಡ. ಹೆಸರು ಹಿಡಿದೇ ಕರೆ.

ಶ್ರೀಲತಾ