ಪಿಯೋನಿಗೆ ಹೊದಿಸಿದ ಕಂಬಳಿ

ಮಾರ್ಚ್ ೧೨, ಬುಧವಾರ.

ಚಳಿದೇಶದ ಹೂವು ಪಿಯೋನಿಯ ಒಂದು ಗೆಡ್ಡೆ, ಚಳಿಗಾಲವಿಡೀ ಮೀನಂಗಡಿಯ ಐಸು, ಮೇಲೆ ಅದನ್ನು ಹೊತ್ತು ಹಿಡಿದುಕೊಂಡ ನನ್ನ ಸೊಂಟ. ಇಷ್ಟು ಖರ್ಚಿಗೆ ಹುಟ್ಟಿದ್ದು ಬರೀ ಎಲೆ. ಚೆನ್ನಾಗಿ ಚಳಿ ತಾಗದೆ ಈ ಗಿಡ ಹೂ ಬಿಡದು. ನಮ್ಮೂರ ಚಳಿಗೋ ಕೊಬ್ಬರಿ ಎಣ್ಣೆಯೂ ಹೆಪ್ಪುಗಟ್ಟದು. ನಾಳೆ ನಮ್ಮ ಮದುವೆಯ ವಾರ್ಷಿಕೋತ್ಸವ. ಮನೆಯಲ್ಲೇ ಬೆಳೆದ ಹೂ ಕೊಡುತ್ತೇನೆಂದು ಹೆಂಡತಿಯೆದುರು ಜಂಬ ಕೊಚ್ಚಿದ್ದೆ. ಅದಕ್ಕೇ ದಿನವೂ ಸಂಜೆ ಕುಂಡಕ್ಕೆ ಐಸು ಸುರಿದೆ.

ಇವತ್ತು ಅತ್ತೆ ಬಾಯಿಬಿಟ್ಟರು. "ಪಾಪ, ಅದೂ ಒಂದು ಜೀವ ಅಲ್ವಾ ಅಳಿಯಂದಿರೇ? ನೀವು ಒಳಗೆ ಹೋದ್ಮೇಲೆ ಐಸೆಲ್ಲ ತೆಗೆದು ಕಂಬಳಿ ಹೊದಿಸ್ತಿದ್ದೆ."

"ದಿನಾನೂ?"

"ಬಿಸಿನೀರಿನ ಚೀಲಾನೂ ಇಡ್ತಿದ್ದೆ."

ಹೆಂಡತಿ ನಕ್ಕೂ ನಕ್ಕೂ ನೆಲಕ್ಕೆ ಕುಸಿದಳು. "ಹೂ ಬೇಡಾರೀ, ನಂಗಿಷ್ಟೇ ಸಾಕು!"

ಒಟ್ಟಿನಲ್ಲಿ ಮೀನಿನವನಿಗೆ ವ್ಯಾಪಾರ, ಅತ್ತೆಗೆ ಪುಣ್ಯ, ಹೆಂಡತಿಗೆ ವರ್ಷವಿಡೀ ನಗು, ನನಗೆ ನೆಗಡಿ. ಕಂಬಳಿ ಇನ್ನೂ ಗಿಡಕ್ಕೇ.