ಕರಿಘಟ್ಟದ ಇಳಿಜಾರಿನಲ್ಲಿ ನಿಲ್ಲದ ಬ್ರೇಕು

ರಘುನಂದನ್ ಅವರಿಗೆ,

ನೀವು ನನ್ನಕ್ಕನ ಗಂಡ, 'ಪ್ರೀತಿಯ ಭಾವ' ಎಂದು ಶುರುಮಾಡುವುದು ವಾಡಿಕೆ. ಹಾಗೆ ಬರೆಯಲು ನನಗೆ ಮನಸ್ಸಿಲ್ಲ. ಮೊನ್ನೆ ಅಪ್ಪನಿಗೆ ಫೋನು ಮಾಡಿ, "ಶ್ವೇತ ಸೈಕಲ್ ಸರಿ ಮಾಡ್ಕಂಡವ್ಳಂತೆ. ನಮ್ ಚಿನ್ನೂಗಾದ್ರೂ ಆಯ್ತದೆ, ಕಳ್ಸಿಕೊಡಿ ಮಾವ" ಎಂದಿರಂತೆ. ಅಪ್ಪ ಆಗಲಿ ಎಂದುಬಿಟ್ಟಿದ್ದಾರೆ. ಸೈಕಲ್ ನನ್ನದು, ಉತ್ತರವನ್ನೂ ನಾನೇ ಕೊಡುತ್ತೇನೆ. ಪೂರ್ತಿ ಓದಿ.

ನಾಗಮಂಗಲದಲ್ಲಿ ನಿಮ್ಮ ಮನೆಯ ಮುಂದೆ ನಿಂತು ನಿಮ್ಮ ಹಳೆಯ ಸೈಕಲನ್ನು ನನಗೆ ಮಾರಿದ ದಿನ ಎಷ್ಟು ಹೊಗಳಿದಿರಿ! "ಎಣ್ಣೇಲಿ ಓಡೋ ಡಿಸ್ಕ್ ಬ್ರೇಕು ಕಣಮ್ಮ. ಒಂದು ಬೆರಳು ಸಾಕು, ಬೈಕಿನಂಗೆ ನಿಂತ್ಕತದೆ." ನಂಬಿದೆ. ಮನೆಯವರ ಮಾತನ್ನು ಯಾರು ಅನುಮಾನಿಸುತ್ತಾರೆ? ಪಾಂಡವಪುರದ ನಾಲೆ ರಸ್ತೆಯಲ್ಲಿ ಬೆಳಿಗ್ಗೆ ಒಂದು ಸುತ್ತು ಹೊಡೆದು ಲ್ಯಾಬಿಗೆ ಹೋಗುವಾಗ ಜಗತ್ತೇ ನನ್ನದು ಅನಿಸುತ್ತಿತ್ತು. ಅಲ್ಲಿ ಇಳಿಜಾರಿಲ್ಲ. ಬ್ರೇಕಿನ ಬಣ್ಣ ಬಯಲಾಗಲಿಲ್ಲ.

ಆ ಭಾನುವಾರ ಶ್ರೀರಂಗಪಟ್ಟಣ ದಾಟಿ ಕರಿಘಟ್ಟದ ಬೆಟ್ಟ ಹತ್ತಿದೆ. ಇಳಿಯುವಾಗ ಮೊದಲ ತಿರುವಿನಲ್ಲಿ ಬ್ರೇಕಿನ ಲಿವರ್ ಮೆತ್ತಗಾಯಿತು. ಎರಡನೆಯದರಲ್ಲಿ ಎರಡೂ ಲಿವರ್‌ಗಳು ಹ್ಯಾಂಡಲ್ಲಿಗೆ ಬಂದು ಅಂಟಿಕೊಂಡವು. ಚಕ್ರ ಮಾತ್ರ ನಿಲ್ಲಲಿಲ್ಲ. ಎದುರಿಗೆ ತುಳಸಿಹಾರದ ಬುಟ್ಟಿ ಹೊತ್ತ ಮುದುಕಿಯೊಬ್ಬರು ಹತ್ತಿ ಬರುತ್ತಿದ್ದರು. ನಾನು ಕಿರುಚಿದ್ದು ನೆನಪಿದೆ. ಸೈಕಲನ್ನು ಬಂಡೆಯ ಕಡೆಗೆ ತಿರುಗಿಸಿದ್ದೂ ನೆನಪಿದೆ. ಆಮೇಲೆ ಆಕೆ, ಮಂಚಮ್ಮ, ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಕಣ್ಬುಡವ್ವ, ಕಣ್ಬುಡು" ಅನ್ನುತ್ತಿದ್ದರು.

ಕುತ್ತಿಗೆಯ ಕೆಳಗಿನ ಮೂಳೆ ಮುರಿದಿತ್ತು. ನೀವು ಸೇಬು ಹಿಡಿದು ಆಸ್ಪತ್ರೆಗೆ ಬಂದಿರಿ. ಮಂಚದ ಸುತ್ತ ನಿಂತ ಎಲ್ಲರಿಗೂ ಕೇಳುವಂತೆ, "ಮುಂದಿನ ಬ್ರೇಕ್ ಒಂದ್ನೇ ಅಮುಕಿರ್ತಾಳೆ. ಹೆಣ್ಮಕ್ಳಿಗೆ ಯಾಕ್ ಬೇಕಿತ್ತು ಗೇರ್ ಸೈಕಲ್ಲು?" ಎಂದಿರಿ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನನಗೆ ಅದಕ್ಕಿಂತ ನೋವಾದದ್ದು ಬೇರೆ: ನಾನೂ ನಿಮ್ಮ ಮಾತನ್ನು ನಂಬಿದೆ. ಕೈ ಜೋಳಿಗೆಯಲ್ಲಿ ನೇತುಬಿದ್ದಿದ್ದಷ್ಟು ಕಾಲವೂ, ಎಲ್ಲಿ ತಪ್ಪಿದೆ, ಯಾವ ಬೆರಳು ಮೊದಲು ಒತ್ತಿದೆ ಎಂದು ನನ್ನನ್ನೇ ಬೈದುಕೊಂಡೆ. "ಆ ದರಿದ್ರದ್ದನ್ನ ಗುಜರಿಗೆ ಹಾಕ್ಬುಡ್ತೀನಿ, ಕೊಡಿ" ಎಂದು ನೀವು ಮತ್ತೆ ಮತ್ತೆ ಅವ್ವನನ್ನು ಕೇಳುತ್ತಿದ್ದಿರಿ. ನನ್ನ ಮೇಲಿನ ಕಾಳಜಿ ಅಂದುಕೊಂಡಳು ಪಾಪ.

ಕೊಡಲಿಲ್ಲ. ಕೈ ಆಡತೊಡಗಿದ ಮೇಲೆ ಸೈಕಲನ್ನು ಹಿತ್ತಿಲಲ್ಲಿ ತಲೆಕೆಳಗಾಗಿ ನಿಲ್ಲಿಸಿ ನೋಡಿದೆ. ಲಿವರ್ ಒತ್ತಿದರೆ ಹಣ್ಣಾದ ಟೊಮೇಟೊ ಹಿಸುಕಿದಂತಿತ್ತು. ಬ್ರೇಕೆಣ್ಣೆಯ ಪೈಪಿನೊಳಗೆ ಗಾಳಿ ಸೇರಿರಬೇಕು ಅಂದುಕೊಂಡೆ. ಸಿರಿಂಜಿನಿಂದ ಗುಳ್ಳೆ ತೆಗೆಯುವುದು ರಕ್ತಪರೀಕ್ಷೆಯವಳಿಗೆ ಹೊಸದಲ್ಲ. ಕೆಳಗಿನಿಂದ ಎಣ್ಣೆ ತಳ್ಳಿದಾಗ ಮೇಲೆ ಬುಳುಬುಳು ಗುಳ್ಳೆ ಎದ್ದವು. ಲಿವರ್ ಗಟ್ಟಿಯಾಯಿತು, ಕುಣಿಯುವಷ್ಟು ಖುಷಿಯಾಯಿತು. ಬೆಳಗಾಗುವಷ್ಟರಲ್ಲಿ ಮತ್ತೆ ಮೆತ್ತಗೆ! ಪುನಃ ತೆಗೆದೆ. ಪುನಃ ಮೆತ್ತಗೆ. ಡಿಸ್ಕನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ, ಅದನ್ನು ಹಿಡಿದು ನಿಲ್ಲಿಸುವ ಪ್ಯಾಡುಗಳನ್ನು ಉಜ್ಜಿದೆ. ಅವು ಎಣ್ಣೆ ಕುಡಿದು ಕಪ್ಪಗಾಗಿದ್ದವು. ಎಲ್ಲೋ ಒಳಗೆ ಸೋರುತ್ತಿತ್ತು.

ಕೊನೆಗೆ ಶ್ರೀರಂಗಪಟ್ಟಣದ ಮುಬಾರಕ್ ಅವರ ಸೈಕಲ್ ಅಂಗಡಿಗೆ ಒಯ್ದೆ. ಅವರು ಸೈಕಲ್ ನೋಡಿದ್ದೇ ಮುಖ ಗಂಟಿಕ್ಕಿ, "ಇದು ನಾಗಮಂಗಲದ ರಘು ಸಾರ್ದು ಅಲ್ವಾ? ನಿಮ್ಗೆ ಕೊಟ್ಟವ್ರಾ? ಯಾ ಅಲ್ಲಾ!" ಅಂದರು. ಆಮೇಲೆ ಹೇಳಿದರು: "ಈ ಬ್ರೇಕಿಗೆ ಬೈಕಿನ ಬ್ರೇಕ್ ಎಣ್ಣೆ ಹಾಕ್ಬಾರ್ದು, ಮೇಡಂ. ಅವ್ರು ಹಾಕ್ಬುಟ್ರು. ಒಳಗಿನ ರಬ್ಬರೆಲ್ಲ ಉಬ್ಬೋಯ್ತು. ಪೂರಾ ಸೆಟ್ ಬದ್ಲಾಯ್ಸಿ, ಇಲ್ದಿದ್ರೆ ಇಳಿಜಾರಲ್ಲಿ ಕೈ ಕೊಡ್ತದೆ, ಯಾರೂ ಹತ್ಬೇಡಿ ಅಂದಿದ್ದೆ. 'ಮಾರೋ ಗಾಡಿಗೆ ಯಾಕ್ ಬುಡಿ' ಅಂದ್ಬುಟ್ಟು ಹೋದ್ರು."

ಅಲ್ಲೇ ಸ್ಟೂಲಿನ ಮೇಲೆ ಕೂತು ಹಳೆಯದನ್ನು ನೆನೆದೆ. ನೀವು ಸೈಕಲ್ ಕೊಟ್ಟ ದಿನ ಚಿನ್ನು ಓಡಿ ಬಂದು ಅದನ್ನು ಹತ್ತಿದ್ದಳು. ನೀವು ಅವಳ ರಟ್ಟೆ ಹಿಡಿದು ಎಳೆದು, "ನೀನ್ ಹತ್ಬೇಡ, ಇಳಿ ಕೆಳಕ್ಕೆ" ಎಂದು ಗದರಿದ್ದಿರಿ. ನಾನು ಕೊಂಡ ಸೈಕಲ್ಲಿಗೆ ಗೀರು ಬಿದ್ದೀತು ಎಂಬ ಕಾಳಜಿಯೆಂದು ಆವತ್ತು ನಾನು ತಿಳಿದಿದ್ದೆ. ಮಗಳನ್ನು ಇಳಿಸಿ ನನ್ನನ್ನು ಹತ್ತಿಸಿದಿರಿ. ಮರೆತೆ, ಗೊತ್ತಿರಲಿಲ್ಲ ಎನ್ನಲು ನಿಮಗೆ ಬಾಯಿಲ್ಲ.

ಹೊಸ ಸೆಟ್ಟು ತಂದು ನಾನೇ ಕೂರಿಸಿದೆ. ಪೈಪು ಅಳೆದು ಕತ್ತರಿಸಿದೆ, ಡಿಸ್ಕು ಪ್ಯಾಡಿಗೆ ತಾಗಿ ಕಿರ್ ಅನ್ನದ ಹಾಗೆ ಕೂದಲೆಳೆಯಷ್ಟು ಸರಿಸಿ ಸರಿಸಿ ಬಿಗಿದೆ. ಮುಬಾರಕ್ ಒಮ್ಮೆ ಪರೀಕ್ಷಿಸಿ, "ಇನ್ ಹೋಗಿ" ಎಂದರು. ಅಂದೇ ಕರಿಘಟ್ಟ ಹತ್ತಿ ಇಳಿದೆ. ಬಂಡೆಯ ಬಳಿ ಎರಡೂ ಲಿವರ್ ಹಿಡಿದೆ. ಒತ್ತಿದೆ. ನಿಂತಿತು. ರಸ್ತೆಯ ಮಧ್ಯೆ ಒಂದು ಕಾಲೂರಿ ನಿಂತು ಬಿಕ್ಕಿಬಿಕ್ಕಿ ಅತ್ತೆ. ಅಲ್ಲಿಯವರೆಗೆ ನನ್ನ ಮೇಲಿದ್ದ ಸಿಟ್ಟೆಲ್ಲ ಅವತ್ತು ನಿಮ್ಮ ಕಡೆಗೆ ತಿರುಗಿತು. ಇವತ್ತಿಗೂ ಅದು ತಣಿದಿಲ್ಲ, ತಣಿಸುವ ಇರಾದೆಯೂ ನನಗಿಲ್ಲ.

ಅಕ್ಕನ ಸಂಸಾರ ಕೆಡಬಾರದೆಂದು ಇಷ್ಟು ದಿನ ಸುಮ್ಮನಿದ್ದೆ. ಈಗ ಸರಿಯಾದ ಸೈಕಲ್ ನಿಮ್ಮ ಮಗಳಿಗೆ ಬೇಕು ಎಂದಿರಲ್ಲ, ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಇಂದು ಬೆಳಿಗ್ಗೆ ಅಕ್ಕನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಅಪ್ಪ, ಅವ್ವನಿಗೂ ಹೇಳಿದೆ. ಅಕ್ಕ "ಅವತ್ತು ಆಸ್ಪತ್ರೇಲಿ ನಾನೂ ನಗಾಡ್ಬುಟ್ನಲ್ಲೇ" ಎಂದು ಅತ್ತಳು. ನಿಮ್ಮ ಪರವಾಗಿ ಒಂದು ಮಾತನ್ನೂ ಆಡಲಿಲ್ಲ.

ಸೈಕಲ್ ನಾಗಮಂಗಲಕ್ಕೆ ಬರುವುದಿಲ್ಲ. ಚಿನ್ನು ಇಲ್ಲಿಗೆ ಬರುತ್ತಾಳೆ. ಭಾನುವಾರ ಅಕ್ಕನೇ ಬಸ್ಸಿನಲ್ಲಿ ಕರೆತರುತ್ತಾಳೆ. ಓಡಿಸುವುದನ್ನು ಆಮೇಲೆ ಕಲಿಸುತ್ತೇನೆ, ಮೊದಲು ನಿಲ್ಲಿಸುವುದನ್ನು. ನನ್ನ ಮೂಳೆ ಮುರಿದು ಕೂಡಿದ ಕಡೆಯ ಗಂಟು ಏನೆಂದು ಕೇಳಿದರೆ ಸುಳ್ಳು ಹೇಳುವುದಿಲ್ಲ. ಅವಳ ಮುಖ ನೋಡುವ ಧೈರ್ಯ ನಿಮಗೆ ಬಂದ ದಿನ ನೀವೂ ಬನ್ನಿ. ಅಲ್ಲಿಯವರೆಗೆ ನಮ್ಮ ಹೊಸ್ತಿಲು ತುಳಿಯಬೇಡಿ.

ಅಕ್ಕ, ಚಿನ್ನು ಚೆನ್ನಾಗಿರಲಿ, ಹೋದ ಕಡೆಯಿಂದೆಲ್ಲ ಸುರಕ್ಷಿತವಾಗಿ ಮನೆ ಸೇರಲಿ. ನಿಮಗೆ ಹಾರೈಸಲು ನನ್ನಲ್ಲಿ ಏನೂ ಉಳಿದಿಲ್ಲ.

ಶ್ವೇತ
ಪಾಂಡವಪುರ