ಡಿಸ್ಕಿನ ಮೇಲಿನ ಕುಂಕುಮ

ಅಕ್ಟೋಬರ್ 1, ಬುಧವಾರ. ಆಯುಧಪೂಜೆ.

ಆ ಹೆಂಗಸಿನ ಮುಖ ಕಣ್ಣಿಂದ ಹೋಗುತ್ತಿಲ್ಲ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬೂದುಗುಂಬಳ ಹೊತ್ತು ರಸ್ತೆ ದಾಟುತ್ತಿದ್ದರು. ಬ್ರೇಕ್ ಒತ್ತಿದೆ, ಕಾರು ಜಾರುತ್ತಲೇ ಹೋಯಿತು. ನಿಂತಾಗ ಅವರಿಗೂ ಬಂಪರಿಗೂ ನಡುವೆ ಒಂದು ಗೇಣು. ಕುಂಬಳಕಾಯಿ ಕೆಳಗೆ ಬಿದ್ದು ಒಡೆದಿತ್ತು.

ಪಕ್ಕದ ಸೀಟಿನಲ್ಲಿದ್ದ ಅಮ್ಮ ಕೈ ಮುಗಿದಳು. "ಪೂಜೆ ಮಾಡಿದ್ದಕ್ಕೇ ಉಳ್ಕೊಂಡ್ವಿ ಕಣೋ ನಚ್ಚಿ."

ರೇಸ್ ಕಾರಿನ ಮಾದರಿಯ ಬ್ರೇಕು, ಹಾಕಿಸಿ ಮೂರು ವಾರವೂ ಆಗಿಲ್ಲ. ಮನೆಗೆ ಬಂದು ಬಗ್ಗಿ ನೋಡಿದೆ. ಚಕ್ರದ ಸಂದಿಯಲ್ಲಿ, ಹೊಳೆಯುವ ಡಿಸ್ಕಿನ ಮೇಲೆಲ್ಲ ಕೆಂಪು ಜಿಡ್ಡು. ಅಂಟಲಿ ಎಂದು ಅಮ್ಮ ಕುಂಕುಮವನ್ನು ಎಣ್ಣೆಯಲ್ಲಿ ಕಲಸುತ್ತಾಳೆ. ಪ್ರತಿ ವರ್ಷವೂ ಹಾಗೇ. ಆದರೆ ಹಳೆಯ ಚಕ್ರಕ್ಕೆ ಮುಚ್ಚಳವಿತ್ತು, ಬೊಟ್ಟು ಅದರ ಮೇಲೇ ಉಳಿಯುತ್ತಿತ್ತು. ಡಿಸ್ಕನ್ನು ಕಚ್ಚಿ ಹಿಡಿಯುವ ಕೆಂಪು ಕ್ಯಾಲಿಪರ್ ನಾಲ್ಕು ಜನಕ್ಕೆ ಕಾಣಲಿ ಎಂದು ಈ ಅಗಲ ಸಂದಿನ ಚಕ್ರ ಆರಿಸಿದವನು ನಾನು.

ಬೆಳಿಗ್ಗೆ ಅವಳು ಕೇಳಿಯೂ ಇದ್ದಳು. "ಒಳಗೂ ಇಡ್ಲೇನೋ, ಹೊಸದಲ್ವಾ?"

ಫೋಟೊ ತೆಗೆಯುತ್ತಿದ್ದ ನಾನು, "ಇಡಮ್ಮ, ಸಖತ್ತಾಗಿರತ್ತೆ" ಎಂದಿದ್ದೆ.

ಡಿಸ್ಕನ್ನು ಸೋಪು ಹಾಕಿ ಉಜ್ಜಿದೆ. ಡಿಸ್ಕಿಗೆ ಒತ್ತುವ ಬ್ರೇಕ್ ಪ್ಯಾಡು ಎಣ್ಣೆ ಕುಡಿದಾಗಿದೆ, ಇನ್ನೂ ಜಾರುತ್ತದೆ, ಬದಲಿಸಲೇಬೇಕು. ಅಮ್ಮನಿಗೆ ಹೇಗೆ ಹೇಳಲಿ? ಹೇಳಿದರೆ ಇನ್ನು ಮೇಲೆ ಪ್ರತಿ ಹಬ್ಬಕ್ಕೂ ಅವಳು ತನ್ನ ಬೆರಳನ್ನೇ ನೋಡಿಕೊಂಡು ಕೂರುತ್ತಾಳೆ. ಹೇಳದಿದ್ದರೆ...

ದೊಡ್ಡ ಗಂಡಾಂತರ ಕಳೆಯಿತು, ನಾಳೆ ಇನ್ನೊಂದು ಸಲ ಕುಂಕುಮ ಇಡುತ್ತೇನೆ ಎಂದು ಹೇಳಿ ಅಮ್ಮ ಮಲಗಿದ್ದಾಳೆ. ಅಡುಗೆಮನೆಯ ಕಟ್ಟೆಯ ಮೇಲೆ ಕುಂಕುಮದ ಬಟ್ಟಲು ಇದೆ. ಆಗಲೇ ಕಲಸಿಟ್ಟಿದ್ದಾಳೆ.